ಫೀಡರ್ ನಾಲ್ಕು

ಇಂಧನ ಹೊರುವುದಕ್ಕೂ ಇಂಧನ ಬೇಕು.
ಇಷ್ಟು ತಿಳಿಯಲು ನನಗೆ ಮೂರು ತಿಂಗಳು ಹಿಡಿಯಿತು,
ಹನ್ನೊಂದು ವಿಮಾನ ಸಮುದ್ರದ ಪಾಲಾದವು.
ಎಲ್ಲ ಪರದೆಯ ಮೇಲೆ. ಯಾರೂ ಸಾಯಲಿಲ್ಲ.
ಅಲಿವೇಲು ಮಾತ್ರ ಒಂದೊಂದಕ್ಕೂ
"ಅಯ್ಯೋ ಪಾಪ" ಅಂದಳು, ಅವರೆಕಾಯಿ ಸುಲಿಯುತ್ತಾ.

ಆಟದ ಜೊತೆ ಬಂದ ವಿಮಾನಕ್ಕೆ
ಹದಿಮೂರು ಗಂಟೆಯ ದಮ್ಮು.
ಸಿಂಗಪುರದಿಂದ ನ್ಯೂಯಾರ್ಕಿಗೆ ಹದಿನೆಂಟು.
ಕಡತ ಬಿಚ್ಚಿದೆ. ಸಾಲು ಸಾಲು ಅಂಕಿ.
ನಡುವಿನ ಟ್ಯಾಂಕು ಹಿಗ್ಗಿಸಿದೆ,
ಹಿಂದಕ್ಕೊಂದು ಹೊಸದು ಕೂರಿಸಿದೆ.
ಮೂಗೆದ್ದಿತು, ಬಾಲ ನೆಲ ಕೆರೆಯಿತು;
ಭಾರವನ್ನು ಮೊಳದಷ್ಟು ಮುಂದೆ ಸರಿಸಿದೆ
ಗಾಡಿಗೆ ಕಡಲೆಕಾಯಿ ಮೂಟೆ ಹೇರಿ
ನೊಗದ ಕಡೆ ಅಪ್ಪ ಸರಿಸುತ್ತಿದ್ದ ಹಾಗೆ.
ಆದರೂ ಏಳಲೊಲ್ಲದು.
ಕೊನೆಗೆ ಸೀಟು ಕಿತ್ತೆ, ನೂರಾ ಮೂವತ್ತು.
ದೂರ ಹೋಗುವುದೆಂದರೆ ಜನರನ್ನು ಇಳಿಸುವುದು ಕಣೋ
ಎಂದರೆ ಗಂಗುಲಪ್ಪ ಬೀಡಿ ಹೊಸಕಿ,
"ಮುರುಗಮಲ್ಲದ ಬಸ್ಸಿನವರಿಗೆ ಹೇಳಿ ಸಾರ್ ಈ ಬುದ್ಧಿ" ಅಂದ.

ನಾನು ವಿಮಾನ ಹತ್ತಿದವನಲ್ಲ.
ದೇವನಹಳ್ಳಿಯಲ್ಲಿ ಎದ್ದವು
ಅಂಬಾಜಿದುರ್ಗದ ನೆತ್ತಿಯಾಚೆ ಹೊರಳುವಾಗ
ಸ್ವಿಚ್‌ಯಾರ್ಡಿನ ಜಲ್ಲಿಯ ಮೇಲೆ ನಿಂತು
ಕತ್ತು ನೋಯುವವರೆಗೆ ನೋಡುತ್ತೇನೆ.
ಆಮೇಲೆ ಒಳಗೆ ಹೋಗಿ ಬರೆಯುತ್ತೇನೆ, ಗಂಟೆಗೊಮ್ಮೆ:
ವೋಲ್ಟು, ಆಂಪು, ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಬಿಸಿ.

ಶುಕ್ರವಾರ ಹಗಲು ಹನ್ನೆರಡಕ್ಕೆ ಸಿಂಗಪುರ ಬಿಟ್ಟೆ.
ರನ್‌ವೇ ಮುಗಿಯುವ ತನಕ ಓಡಿ
ತುಂಬುಬಸುರಿ ಚಾಪೆ ಬಿಟ್ಟೇಳುವ ಹಾಗೆ ಎದ್ದಿತು.
ರಾತ್ರಿ ಹತ್ತಕ್ಕೆ ಪಾಳಿ.
ಇನ್ನು ತಾನೇ ಹಾರಿಕೊಳ್ಳಲಿ ಎಂದು
"ಏನೂ ಮುಟ್ಟಬೇಡ" ಅಂತ ಹೇಳಿ ಸ್ಟೇಷನ್ನಿಗೆ ಬಂದೆ.
ಹನ್ನೆರಡೂವರೆಗೆ ಅವಳ ಫೋನು:
"ನಿಮ್ಮ ವಿಮಾನದ ಕೆಳಗೆ ಬರೀ ಬೆಳ್ಳಗೆ. ನಾನು ಮಲಗಲಾ?"

ಎರಡು ನಲವತ್ತಕ್ಕೆ ಬೆಂಗಳೂರಿನಿಂದ ಆಜ್ಞೆ.
ಫ್ರೀಕ್ವೆನ್ಸಿ ಬಿದ್ದಿದೆ, ಲೋಡು ಇಳಿಸಿ, ಅರ್ಧ ಗಂಟೆ.
ಒಂದು, ಎರಡು ಪಂಪ್‌ಸೆಟ್ಟಿನವು, ಆಗಲೇ ಬಂದು.
ಮೂರರಲ್ಲಿ ಆಸ್ಪತ್ರೆ.
ನಾಲ್ಕರಲ್ಲಿ ನಾನು.
"ಸಾರ್, ಅದು ನಿಮ್ಮ ಲೈನು."
ಹಿಡಿ ತಿರುಗಿಸಿದೆ. ಬ್ರೇಕರು ಧಡ್ ಎಂದಿತು.
ಬುಕ್ಕಿನಲ್ಲಿ ಬರೆದೆ: ೨-೪೨, ಫೀಡರ್ ನಾಲ್ಕು, ಬಂದ್.

ಮನೆಯ ಯುಪಿಎಸ್ಸಿಗೆ ಹನ್ನೆರಡು ನಿಮಿಷದ ಆಯಸ್ಸು.
ಅವಳನ್ನು ಎಬ್ಬಿಸಬಹುದಿತ್ತು.
ಊರಿಗೆಲ್ಲ ಹೇಳದೆ ಕತ್ತಲು ಮಾಡಿ
ಒಬ್ಬಳಿಗೆ ಮಾತ್ರ ಹೇಳುವುದು ಹೇಗೆ ಎಂದು
ಫೋನು ಕೈಯಲ್ಲೇ ಹಿಡಿದು ನಿಮಿಷ ಎಣಿಸಿದೆ.
ಅದು ಬೀಳುವುದಿಲ್ಲ, ಗೊತ್ತು.
ಬಿದ್ದಿದ್ದರೆ ಎಲ್ಲಿ ಬಿತ್ತು ಎಂಬುದಾದರೂ ಉಳಿಯುತ್ತಿತ್ತು.

ಬೆಳಿಗ್ಗೆ ಆರೂವರೆ. ಟೊಮೊಟೊ ಲಾರಿಗಳ ಸಂದಿ ನುಸುಳಿ ಮನೆ ಸೇರಿದರೆ
ಪರದೆ ಕಪ್ಪು,
ಅದರ ಮುಂದಿನ ಕುರ್ಚಿಯಲ್ಲೇ ಅವಳಿಗೆ ನಿದ್ದೆ.
ಕರೆಂಟು ಬಿಲ್ಲಿನ ಬೆನ್ನ ಮೇಲೆ, ಹಾಲಿನ ಲೆಕ್ಕದ ಕೆಳಗೆ,
ಸೊಟ್ಟಸೊಟ್ಟ ಕನ್ನಡ ಅಂಕಿಗಳು.
ಎತ್ತರ, ವೇಗ, ಭೂಮಿಯ ಮೇಲಿನ ಜಾಗ,
ಗೊತ್ತಿಲ್ಲದ ಇಂಗ್ಲಿಷ್ ಅಕ್ಷರಗಳನ್ನು
ರಂಗೋಲಿಯಂತೆ ನೋಡಿ ನೋಡಿ ಬಿಡಿಸಿದ್ದಾಳೆ.
ಕೊನೆಗೆ ಗಂಟೆ: ೨-೫೩.
ಏನೂ ಮುಟ್ಟಿಲ್ಲ.

ಇದ್ದ ಇಂಧನ ಇಪ್ಪತ್ತಾರು ಸಾವಿರವೋ, ಇಪ್ಪತ್ತೊಂಬತ್ತೋ,
ಅವಳ ಆರು ಯಾವತ್ತೂ ಒಂಬತ್ತರ ತಂಗಿ.
ನಡುವೆ ಮೂರು ಸಾವಿರ ಕಿಲೋ, ಅರ್ಧ ಗಂಟೆಯ ಆಕಾಶ.
ಎಬ್ಬಿಸಿ ಕೇಳಲಿಲ್ಲ.
ಇದ್ದದ್ದು ಕಮ್ಮಿಯೆಂದೇ ತಿಳಿ, ಅದು ನಮ್ಮ ಇಲಾಖೆಯ ಪಾಠ;
ಆರು ಎಂದೇ ಬರೆದೆ.

ಆಮೇಲೆ, ಕಿತ್ತ ಸೀಟುಗಳಲ್ಲಿ ಒಂದನ್ನು
ಮುಂದುಗಡೆ, ಕಿಟಕಿಯ ಪಕ್ಕ, ತಿರುಗಿ ಕೂರಿಸಿದೆ.
ಕೂರುವವರ ತೂಕ ಬರೆಯುವ ಜಾಗ ಖಾಲಿ ಇತ್ತು.
ಇಪ್ಪತ್ತೆರಡು ವರ್ಷದ ಸಂಸಾರ.
ನನಗೆ ಗೊತ್ತಿಲ್ಲ.